ಇತಿಹಾಸ, ಜನಾಂಗ ತೋರಿಸಿ ಪಕ್ಕದ ದೇಶದ ನೆಲ ಕೇಳಿದರೆ ಹೇಗ್ ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ?

ಹಳೇ_ನಕ್ಷೆ (ಪ್ರಶ್ನೆ)

ಥಾಯ್ಲೆಂಡ್ ಮತ್ತು ಕಾಂಬೋಡಿಯಾ ನಡುವೆ 2025ರ ಜುಲೈ 24ರಿಂದ ಐದು ದಿನ ಕಾಳಗ ನಡೆದ ಮೇಲೆ ಪ್ರೇಹ್ ವಿಹಾರ್ ದೇವಾಲಯದ ಬಗ್ಗೆ ಕನ್ನಡದಲ್ಲೂ ಸಾಕಷ್ಟು ಬರಹ, ವಿಡಿಯೊ ಬಂದವು. ಬಹುತೇಕ ಎಲ್ಲದರ ವಾದ ಒಂದೇ. ಖ್ಮೇರ್ ಅರಸರು ಕಟ್ಟಿಸಿದ ಶಿವಾಲಯ, ಆದ್ದರಿಂದ ಖ್ಮೇರರ ದೇಶಕ್ಕೆ ಸೇರಬೇಕು, ಹೇಗ್ ನ್ಯಾಯಾಲಯವೂ (ದೇಶಗಳ ನಡುವಿನ ವ್ಯಾಜ್ಯ ನೋಡುವ ಅಂತರರಾಷ್ಟ್ರೀಯ ನ್ಯಾಯಾಲಯ) 1962ರಲ್ಲಿ ಅದನ್ನೇ ಹೇಳಿತು ಎಂದು. ಆದರೆ ತೀರ್ಪನ್ನು ಓದಲು ಕೂತರೆ ನಕ್ಷೆ, ಜಲವಿಭಾಜಕ (ಮಳೆನೀರು ಎರಡು ಕಡೆಗೆ ಬೇರೆಯಾಗಿ ಹರಿಯುವ ಎತ್ತರದ ಗೆರೆ), ಮೌನ ಸಮ್ಮತಿ ಎಂದೇ ಪುಟಗಟ್ಟಲೆ ಬರುತ್ತದೆ, ದೇವಾಲಯ ಕಟ್ಟಿದವರ ಮಾತು ತೀರಾ ಕಡಿಮೆ.

ನನಗೆ ಗೊತ್ತಾಗಬೇಕಿರುವುದು ಇಷ್ಟು. 11ನೇ ಶತಮಾನದ ಕಟ್ಟಡಕ್ಕಿಂತ 1907ರ ನಕ್ಷೆಗೆ ಯಾಕೆ ಹೆಚ್ಚು ಬೆಲೆ? ಇತಿಹಾಸ ಎಷ್ಟು ಹಳೆಯದಾದರೆ ಲೆಕ್ಕಕ್ಕೆ ಬರುವುದಿಲ್ಲ? ಗಡಿಯ ಆಚೆಗೂ ಈಚೆಗೂ ಒಂದೇ ಭಾಷೆಯ ಜನ ಇದ್ದರೆ ಅದಕ್ಕೇನಾದರೂ ತೂಕ ಇದೆಯೇ? ಥಾಯ್ಲೆಂಡಿನ ಸುರಿನ್, ಸಿಸಾಕೆಟ್, ಬುರಿರಾಮ್ ಪ್ರಾಂತ್ಯಗಳಲ್ಲಿ ಖ್ಮೇರ್ ಮಾತಾಡುವವರು ದೊಡ್ಡ ಸಂಖ್ಯೆಯಲ್ಲಿದ್ದಾರೆ ಎಂದು ಓದಿದೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಡಾಂಗ್ರೆಕ್_ತಪ್ಪಲು

ವಿಡಿಯೊಗಳ ಮೂಲ ತಪ್ಪನ್ನು ಮೊದಲು ತಿದ್ದೋಣ. 1962ರ ಜೂನ್ 15ರ ತೀರ್ಪು ಒಂಬತ್ತಕ್ಕೆ ಮೂರು ಮತಗಳಿಂದ ದೇವಾಲಯವನ್ನು ಕಾಂಬೋಡಿಯಾದ್ದೆಂದು ಹೇಳಿದ್ದು ನಿಜ. ಆದರೆ ಖ್ಮೇರರು ಕಟ್ಟಿದರು ಎಂಬ ಕಾರಣಕ್ಕಲ್ಲ. ಎರಡೂ ಕಡೆಯವರು ಭೂಗೋಳ, ಇತಿಹಾಸ, ಧರ್ಮ, ಪುರಾತತ್ವದ ವಾದಗಳನ್ನು ಮುಂದಿಟ್ಟಿದ್ದರು. ಇವು ಕಾನೂನಿನಲ್ಲಿ ನಿರ್ಣಾಯಕವಲ್ಲ ಎಂದು ನ್ಯಾಯಾಲಯ ಒಂದು ಸಾಲಿನಲ್ಲಿ ಪಕ್ಕಕ್ಕಿಟ್ಟು ಮುಂದಕ್ಕೆ ಹೋಯಿತು. ಆ ಒಂದು ಸಾಲನ್ನು ಓದದೆ ಈ ಮೊಕದ್ದಮೆ ಅರ್ಥವಾಗುವುದಿಲ್ಲ.

ಹಾಗಾದರೆ ತೀರ್ಪು ಯಾವುದರ ಮೇಲೆ ನಿಂತಿದೆ? ಕ್ರಮವಾಗಿ ನೋಡಿ.

1904ರ ಫೆಬ್ರವರಿ 13ರಂದು, ಆಗ ಕಾಂಬೋಡಿಯಾವನ್ನು ಆಳುತ್ತಿದ್ದ ಫ್ರಾನ್ಸ್ ಮತ್ತು ಸಯಾಮ್ (ಥಾಯ್ಲೆಂಡಿನ ಹಳೆಯ ಹೆಸರು) ಒಪ್ಪಂದ ಮಾಡಿಕೊಂಡವು. ದೇವಾಲಯವಿರುವ ಡಾಂಗ್ರೆಕ್ ಬೆಟ್ಟಸಾಲಿನಲ್ಲಿ ಗಡಿ ಜಲವಿಭಾಜಕವನ್ನು ಅನುಸರಿಸಬೇಕು, ಅದನ್ನು ಎರಡೂ ದೇಶಗಳ ಜಂಟಿ ಆಯೋಗ ನಿಗದಿ ಮಾಡಬೇಕು ಎಂದು ಅದರಲ್ಲಿತ್ತು. ಕರ್ನಲ್ ಬರ್ನಾರ್ ಫ್ರೆಂಚ್ ಕಡೆಯ ಮುಖ್ಯಸ್ಥ. ಆಯೋಗ ಬೆಟ್ಟದ ಮೇಲೆ ಓಡಾಡಿತು, ಆದರೆ ಪ್ರೇಹ್ ವಿಹಾರ್ ಇರುವ ಭಾಗದ ಗೆರೆಯ ಬಗ್ಗೆ ಅದು ನಿರ್ಣಯ ಕೈಗೊಂಡ ದಾಖಲೆ ಇಲ್ಲ. ನಕ್ಷೆ ಮಾಡುವಷ್ಟು ಪರಿಣತರು ತಮ್ಮಲ್ಲಿಲ್ಲವೆಂದು ಸಯಾಮ್ ಆ ಕೆಲಸವನ್ನು ಫ್ರೆಂಚ್ ಅಧಿಕಾರಿಗಳಿಗೇ ಒಪ್ಪಿಸಿತು. ಅವರು ತಯಾರಿಸಿದ ಹನ್ನೊಂದು ನಕ್ಷೆಗಳು ಪ್ಯಾರಿಸ್ಸಿನಲ್ಲಿ ಅಚ್ಚಾಗಿ 1908ರಲ್ಲಿ ಸಯಾಮ್ ಸರ್ಕಾರದ ಕೈ ಸೇರಿದವು. ಅವುಗಳಲ್ಲಿ ಡಾಂಗ್ರೆಕ್ ನಕ್ಷೆಯ ಗೆರೆ ದೇವಾಲಯದ ಉತ್ತರಕ್ಕೆ ಹಾದುಹೋಗುತ್ತದೆ. ಅಂದರೆ ದೇವಾಲಯ ಕಾಂಬೋಡಿಯಾದ ಕಡೆ ಬೀಳುತ್ತದೆ.

ಆ ನಕ್ಷೆ ಹುಟ್ಟುವಾಗಲೇ ಸಯಾಮನ್ನು ಕಟ್ಟಿಹಾಕುತ್ತಿರಲಿಲ್ಲ ಎಂದು ನ್ಯಾಯಾಲಯವೂ ಒಪ್ಪಿದೆ, ಯಾಕೆಂದರೆ ಅದು ಸಿದ್ಧವಾಗುವ ಹೊತ್ತಿಗೆ ಜಂಟಿ ಆಯೋಗದ ಕೆಲಸ ನಿಂತುಹೋಗಿತ್ತು. ಸಯಾಮನ್ನು ಕಟ್ಟಿಹಾಕಿದ್ದು ಆಮೇಲಿನ ನಡವಳಿಕೆ. ರಾಜಕುಮಾರ ದಮ್ರಾಂಗ್ ಆಗ ಒಳಾಡಳಿತ ಸಚಿವ. ನಕ್ಷೆಗಳಿಗೆ ಧನ್ಯವಾದ ಹೇಳಿ, ಪ್ರಾಂತ್ಯಾಧಿಕಾರಿಗಳಿಗೆ ಹಂಚಲು ಇನ್ನೂ 15 ಪ್ರತಿ ಕೇಳಿದರು. ಒಂದು ತಕರಾರೂ ಇಲ್ಲ. 1930ರಲ್ಲಿ ಅವರೇ ದೇವಾಲಯ ನೋಡಲು ಹೋದಾಗ ಪಕ್ಕದ ಕಾಂಬೋಡಿಯಾ ಪ್ರಾಂತ್ಯದ ಫ್ರೆಂಚ್ ಅಧಿಕಾರಿ ಫ್ರೆಂಚ್ ಬಾವುಟ ಹಾರಿಸಿ ಅವರನ್ನು ಬರಮಾಡಿಕೊಂಡರು. ನಮ್ಮ ನೆಲದಲ್ಲಿ ನಮ್ಮನ್ನೇ ಸ್ವಾಗತಿಸಲು ನೀವ್ಯಾರು ಎಂಬ ಪ್ರಶ್ನೆ ಬ್ಯಾಂಕಾಕಿನಿಂದ ಬರಲಿಲ್ಲ. ಊರಿಗೆ ಮರಳಿದ ಮೇಲೆ ಅಂದಿನ ಫೋಟೊಗಳೂ ಆ ಅಧಿಕಾರಿಗೆ ತಲುಪಿದವು. 1934-35ರಲ್ಲಿ ಸಯಾಮಿನದೇ ಸರ್ವೆ ನಡೆದು, ನಕ್ಷೆಯ ಗೆರೆಗೂ ನೆಲದ ಮೇಲಿನ ಜಲವಿಭಾಜಕಕ್ಕೂ ಹೊಂದಾಣಿಕೆ ಇಲ್ಲವೆಂದು ಕಂಡುಬಂತು. ಆಮೇಲೂ 1937ರ ಒಪ್ಪಂದದಲ್ಲಿ ಹಳೆಯ ಗಡಿಗಳನ್ನೇ ಖಚಿತಪಡಿಸಿದರು. ಫ್ರಾನ್ಸ್ 1949 ಮತ್ತು 1950ರಲ್ಲಿ ದೇವಾಲಯದಲ್ಲಿದ್ದ ಥಾಯ್ ಕಾವಲುಗಾರರ ಬಗ್ಗೆ ಪತ್ರ ಬರೆದು ಕೇಳಿದಾಗ ಉತ್ತರವೇ ಹೋಗಲಿಲ್ಲ.

ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತೇವಲ್ಲ, ಈ ತೀರ್ಪಿನ ಜೀವಾಳ ಅದು. ಗೆರೆ ನಿಜವಾದ ಜಲವಿಭಾಜಕದ ಮೇಲಿದೆಯೋ ಇಲ್ಲವೋ ಎಂದು ಪರಿಶೀಲಿಸುವ ಅಗತ್ಯವೇ ಇಲ್ಲ ಎಂದಿತು ನ್ಯಾಯಾಲಯ. ಐವತ್ತು ವರ್ಷ ನಕ್ಷೆಯಿಂದ ಸ್ಥಿರ ಗಡಿಯ ಲಾಭ ಪಡೆದವರು ಈಗ ಒಪ್ಪಿರಲಿಲ್ಲ ಎನ್ನುವಂತಿಲ್ಲ.

ಒಂದು ಮಾತು ಇನ್ನೂ ಇದೆ. ಇತಿಹಾಸದ ವಾದವನ್ನು ಎಲ್ಲೂ ಕೇಳಿಸಿಕೊಳ್ಳಲೇ ಇಲ್ಲ ಎಂದು ತಿಳಿಯಬೇಡಿ. 1941ರ ಟೋಕಿಯೊ ಒಪ್ಪಂದದಲ್ಲಿ ಜಪಾನಿನ ಬೆಂಬಲದಿಂದ ಥಾಯ್ಲೆಂಡ್ ಪಡೆದಿದ್ದ ಪ್ರದೇಶಗಳು 1946ರ ನವೆಂಬರ್ 17ರ ವಾಷಿಂಗ್ಟನ್ ಒಪ್ಪಂದದಿಂದ ವಾಪಸಾದವು. ಆಗ ಒಂದು ರಾಜಿ ಆಯೋಗ ನೇಮಕವಾಯಿತು. ಹಳೆಯ ಗಡಿ ಬದಲಿಸಬೇಕೇ ಎಂಬುದನ್ನು ಜನಾಂಗ, ಭೂಗೋಳ, ಆರ್ಥಿಕತೆಯ ವಾದಗಳ ಮೇಲೆ ನೋಡುವುದೇ ಅದರ ಕೆಲಸ. 1947ರಲ್ಲಿ ಅದು ಥಾಯ್ಲೆಂಡಿನ ಮುಖ್ಯ ಬೇಡಿಕೆಗಳನ್ನು ಒಪ್ಪಲಿಲ್ಲ. ಅಷ್ಟು ದೊಡ್ಡ ಅವಕಾಶ ಸಿಕ್ಕಾಗಲೂ ಪ್ರೇಹ್ ವಿಹಾರ್ ಹೆಸರನ್ನು ಥಾಯ್ಲೆಂಡ್ ಎತ್ತಲಿಲ್ಲ. ಅಲ್ಲಿ ಥಾಯ್ಲೆಂಡೇ ಸಲ್ಲಿಸಿದ ನಕ್ಷೆಯಲ್ಲಿ ದೇವಾಲಯ ಕಾಂಬೋಡಿಯಾದಲ್ಲಿತ್ತು. ಹದಿನೈದು ವರ್ಷಗಳ ನಂತರ ಹೇಗ್‌ನಲ್ಲಿ ಅದೇ ಮುಳುವಾಯಿತು.

ಮೋಜಣಿ_ಸರಪಳಿ

ಮೇಲಿನವರು ಕಾನೂನಿನ ಭಾಗ ಚೆನ್ನಾಗಿ ಬರೆದಿದ್ದಾರೆ. ನಕ್ಷೆ ಯಾಕೆ ತಪ್ಪುತ್ತದೆ, ತಪ್ಪಿದರೂ ಯಾಕೆ ಗೆಲ್ಲುತ್ತದೆ ಎಂಬ ಭಾಗ ನಾನು ಸೇರಿಸುತ್ತೇನೆ.

ಡಾಂಗ್ರೆಕ್‌ನ ರಚನೆ ಗಮನಿಸಿ. ಉತ್ತರಕ್ಕೆ ನಿಧಾನವಾಗಿ ಇಳಿಯುವ ಇಳಿಜಾರು, ದಕ್ಷಿಣಕ್ಕೆ ನೂರಾರು ಮೀಟರ್ ಕಡಿದಾದ ಪ್ರಪಾತ. ಇಂಥ ಕಡೆ ಮಳೆನೀರು ಬಹುಪಾಲು ಉತ್ತರಕ್ಕೇ ಹರಿಯುತ್ತದೆ, ಹಾಗಾಗಿ ಜಲವಿಭಾಜಕ ಪ್ರಪಾತದ ಅಂಚಿಗೆ ಒತ್ತಿಕೊಂಡಿರುತ್ತದೆ. ದೇವಾಲಯ ನಿಂತಿರುವುದು ಆ ಅಂಚಿನ ಮೇಲೆ. ಅದರ ಮುಖ ಉತ್ತರಕ್ಕೆ, ಮೆಟ್ಟಿಲು ಏರಿ ಬರುವ ಸುಲಭದ ದಾರಿಯೂ ಆ ಕಡೆಯಿಂದಲೇ. ಭೂಗೋಳ ನೋಡಿದರೆ ನಮ್ಮದು ಎಂಬ ಥಾಯ್ ವಾದಕ್ಕೆ ಹುರುಳಿರುವುದು ಇಲ್ಲಿ. ಅದನ್ನು ಸುಳ್ಳೆಂದು ತಳ್ಳಿಹಾಕುವುದು ಅನ್ಯಾಯ.

ಇನ್ನು ನಕ್ಷೆಯ ಅಳತೆ. ಫ್ರೆಂಚ್ ನಕ್ಷೆ 1:200,000. ಕಾಗದದ ಮೇಲೆ 1 ಮಿಲಿಮೀಟರ್ ಎಂದರೆ ನೆಲದ ಮೇಲೆ 200 ಮೀಟರ್. ಗಡಿಗೆರೆಯ ದಪ್ಪ ಅರ್ಧ ಮಿಲಿಮೀಟರ್ ಇದ್ದರೆ ಗೆರೆಯೇ 100 ಮೀಟರ್ ನೆಲವನ್ನು ನುಂಗುತ್ತದೆ. ಸುಮಾರು 800 ಮೀಟರ್ ಉದ್ದದ ದೇವಾಲಯ ಸಂಕೀರ್ಣ ಅದರಲ್ಲಿ 4 ಮಿಲಿಮೀಟರ್. ಥಾಯ್ಲೆಂಡ್ ಇಂದು ತೋರಿಸುವುದು 1:50,000ರ ನಕ್ಷೆ, ಅಲ್ಲಿ ಅದೇ ಸಂಕೀರ್ಣ 16 ಮಿಲಿಮೀಟರ್. ಎರಡು ಅಳತೆಯ ನಕ್ಷೆಗಳನ್ನು ಒಂದರ ಮೇಲೊಂದು ಹೊಂದಿಸುವಾಗ ಯಾವ ಗುರುತನ್ನು ಆಧಾರವಾಗಿ ಹಿಡಿಯಬೇಕು ಎಂಬಲ್ಲೇ ಜಗಳ ಶುರು. ನದಿ ತಿರುವು ಹಿಡಿದರೆ ಒಂದು ಗೆರೆ, ಬೆಟ್ಟದ ತುದಿ ಹಿಡಿದರೆ ಇನ್ನೊಂದು ಗೆರೆ, ಅಕ್ಷಾಂಶ ರೇಖಾಂಶ ಹಿಡಿದರೆ ಮೂರನೆಯದು. ದೇವಾಲಯದ ಸುತ್ತಲಿನ 4.6 ಚದರ ಕಿಲೋಮೀಟರ್ ವಿವಾದ ಎಂದು ಪತ್ರಿಕೆಗಳು ಬರೆಯುತ್ತಿದ್ದುದು ಹೀಗೆ ಬೇರೆ ಬೇರೆ ಗೆರೆಗಳ ನಡುವೆ ಉಳಿದ ತುಂಡು.

ಇದರ ಜೊತೆಗೆ ಗಡಿಕಲ್ಲುಗಳ ಸಮಸ್ಯೆ. 1909 ಮತ್ತು 1919ರ ಸುಮಾರಿಗೆ ನೆಟ್ಟ 73 ಕಲ್ಲುಗಳು ಗಡಿಯ ಪಶ್ಚಿಮ ಭಾಗದಲ್ಲಿವೆ. ಪ್ರೇಹ್ ವಿಹಾರ್ ಇರುವ ಪೂರ್ವದ ಪ್ರಪಾತದ ಸಾಲಿನಲ್ಲಿ ಕಲ್ಲೇ ಇಲ್ಲ. ಗಡಿ ನಿಗದಿ ಬೇರೆ, ಗಡಿ ಗುರುತು ಬೇರೆ. ಕಾಗದದಲ್ಲಿ ಗೆರೆ ಒಪ್ಪಿಕೊಳ್ಳುವುದು ನಿಗದಿ, ನೆಲದಲ್ಲಿ ಕಲ್ಲು ನೆಡುವುದು ಗುರುತು. ಮೊದಲನೆಯದು ಮುಗಿದು ಎರಡನೆಯದು ಬಾಕಿ ಉಳಿದ ಕಡೆ ಸಣ್ಣ ಗಸ್ತು ತಂಡ ಐವತ್ತು ಹೆಜ್ಜೆ ಮುಂದಿಟ್ಟರೂ ಯುದ್ಧದ ಮಾತು ಬರುತ್ತದೆ.

ನಕ್ಷೆಗೆ ಯಾವಾಗಲೂ ಬೆಲೆ ಎಂದೂ ತಿಳಿಯಬೇಡಿ. ಬುರ್ಕಿನಾ ಫಾಸೊ ಮತ್ತು ಮಾಲಿ ನಡುವಿನ 1986ರ ತೀರ್ಪು ಇದನ್ನು ಸ್ಪಷ್ಟ ಮಾಡಿದೆ. ನಕ್ಷೆ ಎನ್ನುವುದು ಬರಿ ಮಾಹಿತಿ, ತನ್ನಷ್ಟಕ್ಕೆ ಹಕ್ಕುಪತ್ರವಲ್ಲ. ಒಪ್ಪಂದಕ್ಕೆ ಲಗತ್ತಾಗಿದ್ದರೆ, ಅಥವಾ ಎರಡೂ ಕಡೆ ಒಪ್ಪಿ ನಡೆದುಕೊಂಡಿದ್ದರೆ ಮಾತ್ರ ಅದಕ್ಕೆ ಜೀವ. ಒಂದು ದೇಶದ ಶಾಲಾ ಪುಸ್ತಕದಲ್ಲಿ ಅಚ್ಚಾಗುವ ಕಳೆದುಹೋದ ನಾಡಿನ ನಕ್ಷೆಗೆ ನ್ಯಾಯಾಲಯದಲ್ಲಿ ಅದೇ ದೇಶದ ಪರವಾಗಿ ತೂಕ ಬಹಳ ಕಡಿಮೆ. ವಿರುದ್ಧವಾಗಿ ಬಳಸಿದರೆ ಮಾತ್ರ ಅದು ಹರಿತ.

ಕಡತ_ಶೋಧ

ಎಷ್ಟು ಹಳೆಯ ಇತಿಹಾಸ ಲೆಕ್ಕಕ್ಕೆ ಬರುತ್ತದೆ ಎಂಬ ಪ್ರಶ್ನೆಗೆ ಬರುತ್ತೇನೆ. ವಯಸ್ಸಿನ ಮಿತಿ ಎಂಬುದಿಲ್ಲ. ಕೇಳುವುದು ಬೇರೆಯದನ್ನು: ಆ ಇತಿಹಾಸ ಈ ತುಂಡು ನೆಲದ ಮೇಲಿನ ಅಧಿಕಾರವನ್ನು ನೇರವಾಗಿ ತೋರಿಸುತ್ತದೆಯೋ, ಇಲ್ಲ ಊಹೆಯಿಂದ ತಲುಪಬೇಕೋ?

ಇದಕ್ಕೆ ಒಳ್ಳೆಯ ಉದಾಹರಣೆ 1953ರ ಮಿಂಕಿಯೆ ಮತ್ತು ಎಕ್ರೆಹೊ ದ್ವೀಪಗಳ ಮೊಕದ್ದಮೆ, ಬ್ರಿಟನ್ ಮತ್ತು ಫ್ರಾನ್ಸ್ ನಡುವೆ. ಜೆರ್ಸಿ ದ್ವೀಪಕ್ಕೂ ಫ್ರೆಂಚ್ ಕರಾವಳಿಗೂ ನಡುವಿನ ಪುಟ್ಟ ಬಂಡೆಗುಂಪುಗಳು ಇವು. ಫ್ರಾನ್ಸ್ 1204ರಲ್ಲಿ ನಾರ್ಮಂಡಿ ಒಡೆದುಹೋದ ಕಾಲಕ್ಕೆ ಹೋಗಿ, ಊಳಿಗಮಾನ್ಯ ಪದ್ಧತಿಯಲ್ಲಿ ಇವೂ ಫ್ರೆಂಚ್ ರಾಜನಿಗೆ ಸೇರಿದ್ದವು ಎಂದಿತು. ಬ್ರಿಟನ್ ಕೂಡ 1066ರ ಕಾಲದಿಂದ ತನ್ನ ಕಥೆ ಹೇಳಿತು. ಮಧ್ಯಯುಗದ ಘಟನೆಗಳಿಂದ ಎಳೆದ ಊಹೆಗಳು ಬೇಡ, ದ್ವೀಪಗಳ ಸ್ವಾಧೀನಕ್ಕೆ ನೇರವಾಗಿ ಸಂಬಂಧಿಸಿದ ಸಾಕ್ಷ್ಯ ಕೊಡಿ ಎಂದಿತು ನ್ಯಾಯಾಲಯ. ಕೊನೆಗೆ ಗೆದ್ದಿದ್ದು ಎಂಥ ಸಾಕ್ಷ್ಯ ಗೊತ್ತೇ? ಅಲ್ಲಿ ತೇಲಿಬಂದ ಶವಗಳ ವಿಚಾರಣೆಯನ್ನು ಜೆರ್ಸಿ ಅಧಿಕಾರಿಗಳು ನಡೆಸಿದ್ದು, ಗುಡಿಸಲು ಮನೆಗಳಿಗೆ ಜೆರ್ಸಿಯ ಪ್ಯಾರಿಷ್ ತೆರಿಗೆ ಹಾಕಿದ್ದು, ಆಸ್ತಿ ಮಾರಾಟದ ಕರಾರುಗಳು ಜೆರ್ಸಿಯಲ್ಲಿ ನೋಂದಣಿಯಾದದ್ದು, ಸುಂಕದ ಕಚೇರಿ ತೆರೆದದ್ದು. ಫ್ರಾನ್ಸ್ ತಾನು ಹಾಕಿದ ದೀಪ, ತೇಲುಗುರುತುಗಳನ್ನು ತೋರಿಸಿತು. ಅವು ಹಡಗುಗಳ ಸುರಕ್ಷತೆಗೆ ಇಟ್ಟವು, ಒಡೆತನ ತೋರಿಸಲು ಇಟ್ಟವಲ್ಲ ಎಂದು ಪಕ್ಕಕ್ಕೆ ಹೋದವು. ತೀರ್ಪು ಸರ್ವಾನುಮತದ್ದು. ನಮ್ಮ ಊರ ಕಡೆಯ ಜಮೀನು ತಕರಾರು ನೋಡಿದವರಿಗೆ ಇದು ಹೊಸದೇನಲ್ಲ. ಮುತ್ತಾತನ ಕಾಲದ ಮಾತಿಗಿಂತ ಕಂದಾಯ ರಸೀದಿ, ಪಹಣಿ, ನೋಂದಾಯಿತ ಕ್ರಯಪತ್ರ ಗಟ್ಟಿ.

ಇತಿಹಾಸ ಪೂರ್ತಿ ಗೆದ್ದು, ಆಮೇಲೆ ಒಂದು ಪತ್ರದಿಂದ ಸೋತ ಕಥೆಯೂ ಇದೆ. ಸಿಂಗಪುರ ಮತ್ತು ಮಲೇಷ್ಯಾ ನಡುವಿನ ಪೆದ್ರ ಬ್ರಾಂಕ ಬಂಡೆ, 2008ರ ಮೇ 23ರ ತೀರ್ಪು. ಜೋಹೋರ್ (ಇಂದು ಮಲೇಷ್ಯಾದ ಒಂದು ರಾಜ್ಯ) ಸುಲ್ತಾನರಿಗೆ ಆ ಬಂಡೆಯ ಮೇಲೆ ಮೂಲ ಹಕ್ಕು ಇತ್ತೆಂದು ನ್ಯಾಯಾಲಯ ಒಪ್ಪಿತು. ಆ ನೀರಿನಲ್ಲಿ ಬದುಕುತ್ತಿದ್ದ ಒರಾಂಗ್ ಲಾವುತ್ ಎಂಬ ಕಡಲಜನ ಸುಲ್ತಾನರಿಗೆ ನಿಷ್ಠರಾಗಿದ್ದರು ಎಂಬುದೂ ಆ ಹಕ್ಕಿಗೆ ಬೆಂಬಲವಾಯಿತು. ಜನ ಮತ್ತು ಇತಿಹಾಸ ಎರಡೂ ಲೆಕ್ಕಕ್ಕೆ ಬಂದ ಅಪರೂಪದ ಪ್ರಸಂಗ ಇದು. ಆದರೆ 1953ರ ಜೂನ್‌ನಲ್ಲಿ ಸಿಂಗಪುರದ ಬ್ರಿಟಿಷ್ ಅಧಿಕಾರಿಗಳು ಬಂಡೆಯ ಸ್ಥಿತಿಯೇನು ಎಂದು ಜೋಹೋರನ್ನು ಕೇಳಿದರು. ಸೆಪ್ಟೆಂಬರ್ 21ರಂದು ಜೋಹೋರಿನ ಪ್ರಭಾರ ರಾಜ್ಯ ಕಾರ್ಯದರ್ಶಿ ಉತ್ತರಿಸಿ, ಜೋಹೋರ್ ಸರ್ಕಾರ ಪೆದ್ರ ಬ್ರಾಂಕದ ಒಡೆತನ ಕೇಳುವುದಿಲ್ಲ ಎಂದು ಬರೆದರು. ಒಂದು ವಾಕ್ಯದ ಪತ್ರ. ಅದರ ಮೇಲೆ ಸಿಂಗಪುರ ಅಲ್ಲಿನ ಹಡಗು ದುರಂತಗಳ ತನಿಖೆ ನಡೆಸಿದ್ದು, ಮಲೇಷ್ಯಾ ಅಧಿಕಾರಿಗಳಿಗೂ ಅನುಮತಿ ಪಡೆದು ಬರುವಂತೆ ಮಾಡಿದ್ದು, 1977ರಲ್ಲಿ ಸೇನಾ ಸಂಪರ್ಕ ಉಪಕರಣ ಕೂರಿಸಿದ್ದು, 1962ರಿಂದ 1975ರವರೆಗಿನ ಮಲೇಷ್ಯಾದ ನಕ್ಷೆಗಳೇ ಬಂಡೆಯನ್ನು ಸಿಂಗಪುರದ್ದೆಂದು ತೋರಿಸಿದ್ದು, ಎಲ್ಲ ಸೇರಿ ಹಕ್ಕು ಕೈಬದಲಾಯಿತು. ಹನ್ನೆರಡಕ್ಕೆ ನಾಲ್ಕು ಮತ. ಪಕ್ಕದ ಮಿಡ್ಲ್ ರಾಕ್ಸ್ ಬಗ್ಗೆ ಅಂಥ ಪತ್ರವಾಗಲಿ ನಡವಳಿಕೆಯಾಗಲಿ ಇರಲಿಲ್ಲ, ಅದು ಮಲೇಷ್ಯಾಕ್ಕೇ ಉಳಿಯಿತು. ಹಳೆಯ ಹಕ್ಕು ಒಂದೇ, ಎರಡು ಬಂಡೆಗೆ ಎರಡು ಫಲ.

ಅಧೀನತೆ ಬೇರೆ, ಭೂಮಿಯ ಒಡೆತನ ಬೇರೆ ಎಂಬುದು ಪಶ್ಚಿಮ ಸಹಾರಾದಲ್ಲಿ ಕಾಣುತ್ತದೆ. 1975ರ ಅಕ್ಟೋಬರ್ 16ರ ಸಲಹಾ ಅಭಿಪ್ರಾಯದಲ್ಲಿ, ಅಲ್ಲಿನ ಕೆಲವು ಬುಡಕಟ್ಟುಗಳಿಗೂ ಮೊರೊಕ್ಕೊ ಸುಲ್ತಾನರಿಗೂ ನಿಷ್ಠೆಯ ಸಂಬಂಧ ಇತ್ತೆಂದು ನ್ಯಾಯಾಲಯ ಒಪ್ಪಿತು, ಆದರೆ ಅದು ಪ್ರದೇಶದ ಮೇಲಿನ ಸಾರ್ವಭೌಮತ್ವ ಅಲ್ಲ, ಅಲ್ಲಿನ ಜನರ ಸ್ವನಿರ್ಣಯವನ್ನು ತಡೆಯುವಂಥದ್ದೂ ಅಲ್ಲ ಎಂದಿತು. ಮೊರೊಕ್ಕೊ ಮೊದಲ ಅರ್ಧವನ್ನಷ್ಟೇ ಎತ್ತಿ ಹಿಡಿದು ನವೆಂಬರ್ 6ರಂದು ಪಶ್ಚಿಮ ಸಹಾರಾದೊಳಕ್ಕೆ 3,50,000 ಜನರ ಹಸಿರು ಮೆರವಣಿಗೆ ಹೊರಡಿಸಿತು. ತೀರ್ಪನ್ನು ಅರ್ಧ ಓದಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೋವಿನ ನಿದರ್ಶನ ನನಗೆ ಕಂಡಿಲ್ಲ.

ಹಳೇ_ನಕ್ಷೆ

ಎಲ್ಲರಿಗೂ ಧನ್ಯವಾದ. ಪೆದ್ರ ಬ್ರಾಂಕದ ಪತ್ರದ ವಿಷಯ ಕಣ್ಣು ತೆರೆಸಿತು. ಜನಾಂಗ, ಭಾಷೆಯ ಬಗ್ಗೆ ಯಾರಾದರೂ ಬರೆಯುವಿರಾ? ಒಂದು ಊರಿನ ನೂರಕ್ಕೆ ತೊಂಬತ್ತು ಜನ ಪಕ್ಕದ ದೇಶದವರೇ ಆಗಿದ್ದರೂ ಗೆರೆ ಬದಲಾಗುವುದಿಲ್ಲವೇ? ಹಾಗಾದರೆ ಜನರಿಗಿಂತ ಕಾಗದವೇ ದೊಡ್ಡದಾಯಿತಲ್ಲ.

ಬಕಾಸಿ_ದಂಡೆ

ನಿಮ್ಮ ಪ್ರಶ್ನೆ ಹಾಗೆಯೇ ಹೇಗ್‌ನಲ್ಲಿ ಬಂದದ್ದಿದೆ, ಕ್ಯಾಮರೂನ್ ಮತ್ತು ನೈಜೀರಿಯಾ ನಡುವಿನ ಬಕಾಸಿ ಪರ್ಯಾಯದ್ವೀಪ. ಅಲ್ಲಿ ವಾಸವಿದ್ದವರಲ್ಲಿ ಬಹುಪಾಲು ನೈಜೀರಿಯಾದವರೇ, ಎಫಿಕ್ ಮೊದಲಾದ ಸಮುದಾಯದ ಮೀನುಗಾರರು. ನೈಜೀರಿಯಾ ಎರಡೂ ಬಗೆಯ ವಾದ ಹೂಡಿತು. ಇತಿಹಾಸದಲ್ಲಿ, ಬಕಾಸಿ ಓಲ್ಡ್ ಕಲಬಾರ್ ಅರಸರು ಮತ್ತು ಮುಖಂಡರದ್ದು, 1884ರ ಸೆಪ್ಟೆಂಬರ್ 10ರಂದು ಅವರು ಬ್ರಿಟನ್‌ನೊಂದಿಗೆ ಮಾಡಿಕೊಂಡದ್ದು ರಕ್ಷಣೆಯ ಒಪ್ಪಂದ ಮಾತ್ರ, ಆದ್ದರಿಂದ 1913ರಲ್ಲಿ ಅವರ ನೆಲವನ್ನು, ಆಗ ಕ್ಯಾಮರೂನ್ ಆಳುತ್ತಿದ್ದ ಜರ್ಮನಿಗೆ ಬಿಟ್ಟುಕೊಡಲು ಬ್ರಿಟನ್‌ಗೆ ಅಧಿಕಾರವೇ ಇರಲಿಲ್ಲ ಎಂದು. ಜನರ ವಿಷಯದಲ್ಲಿ, ಊರ ಹೆಸರುಗಳು, ಶಾಲೆ, ಆಸ್ಪತ್ರೆ, ತೆರಿಗೆ ಎಲ್ಲವೂ ನಮ್ಮವು ಎಂದು.

2002ರ ಅಕ್ಟೋಬರ್ 10ರಂದು ಹದಿಮೂರಕ್ಕೆ ಮೂರು ಮತಗಳಿಂದ ಬಕಾಸಿ ಕ್ಯಾಮರೂನ್‌ದೆಂದು ತೀರ್ಪಾಯಿತು. ಆಧಾರ, 1913ರ ಮಾರ್ಚ್ 11ರ ಬ್ರಿಟಿಷ್-ಜರ್ಮನ್ ಒಪ್ಪಂದ. ಇಲ್ಲಿ ಒಂದು ಸೂತ್ರ ತಿಳಿದುಕೊಳ್ಳಬೇಕು, 1986ರ ಬುರ್ಕಿನಾ-ಮಾಲಿ ತೀರ್ಪಿನಿಂದ ಬಂದದ್ದು. ಹಕ್ಕುಪತ್ರ ಮತ್ತು ಆಡಳಿತ ಒಂದೇ ಕಡೆ ಇದ್ದರೆ ಆಡಳಿತ ಬರಿ ಸಾಕ್ಷಿ. ಪತ್ರ ಒಬ್ಬರದು, ಆಡಳಿತ ಇನ್ನೊಬ್ಬರದು ಆಗಿದ್ದರೆ ಪತ್ರದವರಿಗೇ ಮೇಲುಗೈ, ಅವರು ಒಪ್ಪಿ ಸುಮ್ಮನಿದ್ದರೆಂದು ತೋರಿಸದ ಹೊರತು. ಪತ್ರವೇ ಇಲ್ಲದಿದ್ದರೆ ಆಡಳಿತವನ್ನೇ ನೋಡಬೇಕು. ಪತ್ರ ಇದೆ, ಆದರೆ ಗೆರೆ ಅಸ್ಪಷ್ಟ ಎಂದಾದರೆ, ಅದನ್ನು ಹೇಗೆ ಓದಬೇಕೆಂದು ಆಡಳಿತ ತಿಳಿಸುತ್ತದೆ. ನೈಜೀರಿಯಾದ ಶಾಲೆ ಆಸ್ಪತ್ರೆಗಳು ಎರಡನೆಯ ಗುಂಪಿಗೆ ಬಿದ್ದವು. ಕ್ಯಾಮರೂನ್ ಬಿಟ್ಟುಕೊಟ್ಟಿರಲಿಲ್ಲ. ಸಾಲದ್ದಕ್ಕೆ 1962ರಲ್ಲಿ ನೈಜೀರಿಯಾವೇ ಕ್ಯಾಮರೂನ್‌ಗೆ ತೈಲ ಪರವಾನಗಿಗಳ ಬಗ್ಗೆ ಬರೆದ ರಾಜತಾಂತ್ರಿಕ ಪತ್ರ ಬಕಾಸಿ ಕ್ಯಾಮರೂನ್ ಕಡೆಯದೆಂಬ ತಿಳಿವಳಿಕೆಯನ್ನೇ ತೋರಿಸುತ್ತಿತ್ತು.

ಕಾಗದ ದೊಡ್ಡದಾಯಿತಲ್ಲ ಎಂಬ ನಿಮ್ಮ ಸಂಕಟ ನ್ಯಾಯವಾದದ್ದೇ. ಬಕಾಸಿಯ ಜನರನ್ನು ಯಾರೂ ಕೇಳಲಿಲ್ಲ. ಎರಡೂ ದೇಶಗಳು ಮಾಡಿಕೊಂಡ 2006ರ ಜೂನ್ 12ರ ಗ್ರೀನ್‌ಟ್ರೀ ಒಪ್ಪಂದದಲ್ಲಿ ಅವರ ಭಾಷೆ, ಸಂಸ್ಕೃತಿ, ಭೂಮಿಯ ರಕ್ಷಣೆಗೆ ಷರತ್ತುಗಳು ಬಂದವು, ಆದರೆ ಅದು ತೀರ್ಪಾಗಿ ನಾಲ್ಕು ವರ್ಷದ ಮೇಲೆ. 2008ರ ಆಗಸ್ಟ್ 14ಕ್ಕೆ ಹಸ್ತಾಂತರ ಮುಗಿಯಿತು, ಅನೇಕ ಕುಟುಂಬಗಳು ಎದ್ದು ನೈಜೀರಿಯಾಕ್ಕೆ ಹೋದವು.

ಆಫ್ರಿಕಾ ಯಾಕೆ ಈ ಕಾಗದವನ್ನೇ ಹಿಡಿದುಕೊಂಡಿತು ಎಂದರೆ, 1964ರ ಜುಲೈನಲ್ಲಿ ಕೈರೊದಲ್ಲಿ ಆಫ್ರಿಕಾ ಏಕತಾ ಸಂಘಟನೆ, ಸ್ವಾತಂತ್ರ್ಯ ಬಂದಾಗ ಇದ್ದ ಗಡಿಗಳನ್ನು ಗೌರವಿಸುತ್ತೇವೆ ಎಂದು ನಿರ್ಣಯ ಮಾಡಿತು. ಜನಾಂಗದ ಗೆರೆ ಎಳೆಯಲು ಹೊರಟರೆ ಒಂದೇ ಒಂದು ದೇಶವೂ ಪೂರ್ತಿ ಉಳಿಯುವುದಿಲ್ಲ ಎಂಬ ಭಯ ಅದರ ಹಿಂದಿತ್ತು. ಸೊಮಾಲಿಯಾ ಮತ್ತು ಮೊರೊಕ್ಕೊ ಒಪ್ಪಲಿಲ್ಲ. ಸೊಮಾಲಿಯಾ ಬಾವುಟದ ನಕ್ಷತ್ರದ ಐದು ಮೊನೆಗಳು ಸೊಮಾಲಿಗಳಿರುವ ಐದು ಪ್ರದೇಶಗಳನ್ನು ಸೂಚಿಸುತ್ತವೆ: ಬ್ರಿಟಿಷ್ ಮತ್ತು ಇಟಾಲಿಯನ್ ಸೊಮಾಲಿಲ್ಯಾಂಡ್, ಜಿಬೂಟಿ, ಇಥಿಯೋಪಿಯಾದ ಒಗಾಡೆನ್, ಕೆನ್ಯಾದ ಈಶಾನ್ಯ ಭಾಗ. 1977ರಲ್ಲಿ ಒಗಾಡೆನ್‌ಗೆ ಸೇನೆ ನುಗ್ಗಿಸಿತು. ಸೋವಿಯತ್ ನೆರವು, ಕ್ಯೂಬಾ ಸೈನಿಕರು ಇಥಿಯೋಪಿಯಾದ ಕಡೆ ನಿಂತರು. 1978ರ ಮಾರ್ಚ್ ಹೊತ್ತಿಗೆ ಸೊಮಾಲಿಯಾ ಸೋತು ಹಿಂದೆ ಬಂತು. ಒಂದೇ ಭಾಷೆ, ಒಂದೇ ಧರ್ಮದ ಜನರ ದೇಶವೇ ಆ ಸೋಲಿನ ಮೇಲೆ ಒಳಗಿಂದ ಬಿರುಕುಬಿಟ್ಟಿತು.

ಜನರನ್ನು ಕೇಳಿ ಗೆರೆ ಎಳೆದದ್ದೂ ಉಂಟು, ಆದರೆ ಫಲ ಜನಾಂಗದ ಲೆಕ್ಕದಂತೆ ಬರುವುದಿಲ್ಲ. 1920ರ ಅಕ್ಟೋಬರ್ 10ರಂದು ದಕ್ಷಿಣ ಕರಿಂಥಿಯಾದ ಎ ವಲಯದಲ್ಲಿ, ಆಸ್ಟ್ರಿಯಾಕ್ಕೆ ಸೇರಬೇಕೋ ಮುಂದೆ ಯುಗೊಸ್ಲಾವಿಯಾ ಎನಿಸಿದ ದಕ್ಷಿಣದ ದೇಶಕ್ಕೋ ಎಂದು ಜನಮತ ನಡೆಯಿತು. 1910ರ ಗಣತಿಯಲ್ಲಿ ಅಲ್ಲಿ ಸ್ಲೊವೇನಿಯನ್ ಮಾತಾಡುವವರು ಸುಮಾರು ನೂರಕ್ಕೆ ಎಪ್ಪತ್ತು. ಆದರೂ ನೂರಕ್ಕೆ 59 ಮತ ಆಸ್ಟ್ರಿಯಾಕ್ಕೆ ಬಿತ್ತು. ಅಲ್ಲಿನ ರೈತರ ಮಾರುಕಟ್ಟೆ ಕ್ಲಾಗೆನ್‌ಫುರ್ಟ್, ಬೆಟ್ಟಸಾಲು ದಾಟಿ ದಕ್ಷಿಣಕ್ಕೆ ಹೋಗುವುದಕ್ಕಿಂತ ಅದು ಹತ್ತಿರ. ಮಾತೃಭಾಷೆ ನೋಡಿ ದೇಶ ಆರಿಸುತ್ತಾರೆಂದು ಊಹಿಸುವುದು ಜನರ ಮೇಲೆ ಮಾಡುವ ಅನ್ಯಾಯ.

ಕಡತ_ಶೋಧ

ಬಕಾಸಿ ಬಗ್ಗೆ ಬರೆದವರಿಗೆ ಒಂದು ಸೇರ್ಪಡೆ, ಸ್ವೀಡನ್ ಮತ್ತು ಫಿನ್ಲೆಂಡ್ ನಡುವಿನ ಓಲಂಡ್ ದ್ವೀಪಗಳು. ಸ್ವೀಡಿಷ್ ಮಾತಾಡುವ ದ್ವೀಪವಾಸಿಗಳು ಸ್ವೀಡನ್ ಸೇರಲು ದೊಡ್ಡ ಪ್ರಮಾಣದಲ್ಲಿ ಸಹಿ ಹಾಕಿ ಕೇಳಿಕೊಂಡಿದ್ದರು. 1921ರ ಜೂನ್‌ನಲ್ಲಿ ರಾಷ್ಟ್ರ ಸಂಘ ದ್ವೀಪಗಳನ್ನು ಫಿನ್ಲೆಂಡ್‌ಗೇ ಉಳಿಸಿತು. ಆದರೆ ಕೈಬೀಸಿ ಕಳಿಸಲಿಲ್ಲ. ಶಾಲೆಯ ಭಾಷೆ ಸ್ವೀಡಿಷ್ ಆಗಿರಬೇಕು, ಹೊರಗಿನವರಿಗೆ ಜಮೀನು ಹೋದರೆ ಸ್ಥಳೀಯರು ಬಿಡಿಸಿಕೊಳ್ಳುವ ಹಕ್ಕಿರಬೇಕು, ಹೊಸಬರಿಗೆ ಮತದಾನಕ್ಕೆ ವಾಸದ ಅವಧಿ ಇರಬೇಕು, ದ್ವೀಪದಲ್ಲಿ ಕೋಟೆ, ಸೇನೆ ಇರಬಾರದು. ಇವತ್ತಿಗೂ ಓಲಂಡ್‌ನಲ್ಲಿ ಜಮೀನು ಕೊಳ್ಳಲು ಪ್ರಾದೇಶಿಕ ನಾಗರಿಕತ್ವ ಬೇಕು. ಗೆರೆ ಸರಿಸದೆ ಜನರನ್ನು ಕಾಯುವ ದಾರಿ ಇದೆ ಎಂಬುದಕ್ಕೆ ನೂರು ವರ್ಷ ಬಾಳಿದ ಸಾಕ್ಷಿ ಇದು. ಸುರಿನ್, ಸಿಸಾಕೆಟ್‌ನ ಖ್ಮೇರ್ ಮಾತಿನವರ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಯೂ ಇಂಥದ್ದು: ಅವರ ಶಾಲೆಯಲ್ಲಿ ಅವರ ಭಾಷೆಗೆ ಜಾಗ ಇದೆಯೇ ಎಂಬುದು.

ಕೃಷ್ಣಾ_ತೀರ

ಇಲ್ಲಿ ಯಾರಾದರೂ ಬೆಳಗಾವಿಯನ್ನು ಎತ್ತುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಅದನ್ನು ಈ ತಕ್ಕಡಿಯಲ್ಲಿ ತೂಗಬೇಡಿ. ರಾಜ್ಯಗಳ ನಡುವೆ ಒಪ್ಪಂದವಿಲ್ಲ, ಮೌನ ಸಮ್ಮತಿಯ ಸೂತ್ರ ಹಾಗೆಯೇ ಅನ್ವಯಿಸುವುದಿಲ್ಲ. ಸಂವಿಧಾನದ 3ನೇ ವಿಧಿಯಲ್ಲಿ ಸಂಸತ್ತು ಸಾಮಾನ್ಯ ಕಾನೂನಿನಿಂದಲೇ ರಾಜ್ಯದ ಗಡಿ ಬದಲಿಸಬಹುದು. ಭಾಷಾ ಬಹುಸಂಖ್ಯೆಗೆ ಇಲ್ಲಿ ನೇರ ತೂಕವಿದೆ, 1956ರ ಪುನರ್ವಿಂಗಡಣೆಯ ಬುನಾದಿಯೇ ಅದು. 1967ರ ಮಹಾಜನ್ ವರದಿ ಬೆಳಗಾವಿ ನಗರವನ್ನು ನಮ್ಮಲ್ಲೇ ಉಳಿಸಿ, 264 ಹಳ್ಳಿ ಮಹಾರಾಷ್ಟ್ರಕ್ಕೆ, 247 ಹಳ್ಳಿ ನಮಗೆ ಎಂದು ಶಿಫಾರಸು ಮಾಡಿತ್ತು. ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ 131ನೇ ವಿಧಿಯಡಿ ಸುಪ್ರೀಂ ಕೋರ್ಟ್ ಮುಂದೆ ಹೋಗಿದೆ. ಬೇರೆ ಕಾನೂನು, ಬೇರೆ ಚರ್ಚೆ.

ಡಾಂಗ್ರೆಕ್_ತಪ್ಪಲು

ಸುದ್ದಿಯಲ್ಲಿ ಇಂಥ ಹಕ್ಕುಸಾಧನೆ ಬಂದಾಗ ನಾನು ಪರಿಶೀಲಿಸುವ ಕ್ರಮ ಬರೆದಿಡುತ್ತೇನೆ, ಹಳೇ_ನಕ್ಷೆಯವರಿಗೆ ಉಪಯೋಗವಾದೀತು.

ಮೊದಲು ನಿರ್ಣಾಯಕ ದಿನಾಂಕ ಹುಡುಕಿ. ಜಗಳ ಸ್ಪಷ್ಟವಾಗಿ ಹುಟ್ಟಿದ ದಿನ ಅದು. ಪೆದ್ರ ಬ್ರಾಂಕದಲ್ಲಿ 1980ರ ಫೆಬ್ರವರಿ 14, ಮಲೇಷ್ಯಾದ 1979ರ ನಕ್ಷೆಗೆ ಸಿಂಗಪುರ ಪ್ರತಿಭಟಿಸಿದ ದಿನ. ಅದರ ನಂತರ ಕೇಸು ಗಟ್ಟಿ ಮಾಡಿಕೊಳ್ಳಲು ಕಟ್ಟಿದ ಠಾಣೆ, ನೆಟ್ಟ ಬಾವುಟ, ಕರೆದೊಯ್ದ ಪ್ರವಾಸಿಗರು ಯಾವುದೂ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಗಡಿಯಲ್ಲಿ ಇವತ್ತು ಮಾಡುವ ಬಹುತೇಕ ಸಾಹಸಗಳು ಕಾನೂನಿನ ದೃಷ್ಟಿಯಲ್ಲಿ ವ್ಯರ್ಥ, ಜೀವಹಾನಿ ಮಾತ್ರ ನಿಜ.

ಆಮೇಲೆ ಒಪ್ಪಂದ ಇದೆಯೇ, ಅದರ ಮಾತುಗಳೇನು, ನಕ್ಷೆ ಲಗತ್ತಾಗಿದೆಯೇ ನೋಡಿ. ಮಾತಿಗೂ ನಕ್ಷೆಗೂ ವ್ಯತ್ಯಾಸವಿದ್ದರೆ ಯಾರು ಯಾವಾಗ ತಕರಾರು ಎತ್ತಿದರು ಎಂಬುದನ್ನು ವರ್ಷ ಹಾಕಿ ಬರೆದುಕೊಳ್ಳಿ. ತಕರಾರು ಎತ್ತಬೇಕಾದ ಸಂದರ್ಭ ಬಂದಿದ್ದೂ ಎತ್ತದ ವರ್ಷಗಳೇ ಮುಖ್ಯ. ಅದಾದ ಮೇಲಷ್ಟೇ ಆಡಳಿತದ ಸಾಕ್ಷ್ಯ. ಇತಿಹಾಸ, ಜನಾಂಗ ಕೊನೆಗೆ, ಅದೂ ಮೇಲಿನ ಯಾವುದನ್ನಾದರೂ ಸ್ಪಷ್ಟಪಡಿಸಿದರೆ ಮಾತ್ರ.

ತೀರ್ಪು ಏನನ್ನು ಹೇಳಿಲ್ಲ ಎಂಬುದನ್ನೂ ನೋಡಬೇಕು. 1962ರಲ್ಲಿ ದೇವಾಲಯದ ಒಡೆತನ ಹೇಳಿ, ಅದರ ಸುತ್ತಮುತ್ತಲಿಂದ ಥಾಯ್ ಪಡೆ ಹಿಂದೆ ಹೋಗಬೇಕು ಎಂದರು, ಆದರೆ ಸುತ್ತಮುತ್ತ ಅಂದರೆ ಎಷ್ಟು ಎಂದು ಗೆರೆ ಎಳೆಯಲಿಲ್ಲ. 2008ರ ಜುಲೈನಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ಆ ಬಿಟ್ಟ ಜಾಗವೇ ಹೊತ್ತಿಕೊಂಡಿತು, 2011ರವರೆಗೆ ಜನ ಸತ್ತರು. 2013ರ ನವೆಂಬರ್ 11ರಂದು ನ್ಯಾಯಾಲಯ ಸರ್ವಾನುಮತದಿಂದ ಅರ್ಥ ಬಿಡಿಸಿತು: ದೇವಾಲಯವಿರುವ ಇಡೀ ಬೆಟ್ಟದ ಚಾಚು ಕಾಂಬೋಡಿಯಾದ್ದು. ಪಕ್ಕದ ಫ್ನೊಮ್ ಟ್ರಾಪ್ ಬೆಟ್ಟ ಅದರಲ್ಲಿ ಸೇರಿಲ್ಲ ಎಂದೂ ಹೇಳಿತು.

2025ರಲ್ಲಿ ಕಾಂಬೋಡಿಯಾ ಮತ್ತೆ ಹೇಗ್‌ಗೆ ಒಯ್ಯುತ್ತೇವೆ ಎಂದದ್ದು ಬೇರೆ ನಾಲ್ಕು ಜಾಗಗಳನ್ನು: ತಾ ಮೊವಾನ್ ಥೊಮ್, ತಾ ಮೊವಾನ್ ಟೊಚ್, ತಾ ಕ್ರಬೈ ದೇವಾಲಯಗಳು ಮತ್ತು ಮೊಮ್ ಬೈ ಪ್ರದೇಶ. ಆದರೆ ನ್ಯಾಯಾಲಯದ ಅಧಿಕಾರ ಒಪ್ಪಿದ್ದ ಥಾಯ್ಲೆಂಡಿನ ಘೋಷಣೆ 1960ರಲ್ಲೇ ಮುಗಿದಿದೆ, ಅದನ್ನು ಮತ್ತೆ ಕೊಟ್ಟಿಲ್ಲ. ಥಾಯ್ಲೆಂಡ್ ಒಪ್ಪದೆ ಈ ಹೊಸ ವ್ಯಾಜ್ಯ ಅಲ್ಲಿ ನಡೆಯುವುದಿಲ್ಲ. ಉಳಿದಿರುವುದು 2000ದ ಜೂನ್ 14ರ ಒಡಂಬಡಿಕೆ ಮತ್ತು ಜಂಟಿ ಗಡಿ ಆಯೋಗ. ಆ ಒಡಂಬಡಿಕೆ 1904ರ ಒಪ್ಪಂದ, 1907ರ ಒಪ್ಪಂದ, ಅವುಗಳ ಆಯೋಗಗಳ ನಕ್ಷೆಗಳು, ಮೂರನ್ನೂ ಆಧಾರವಾಗಿ ಹೆಸರಿಸುತ್ತದೆ. ಥಾಯ್ಲೆಂಡಿನಲ್ಲಿ ಅದನ್ನು ರದ್ದು ಮಾಡಬೇಕೆಂಬ ಕೂಗು ಎದ್ದಿರುವುದೂ 1:200,000ರ ಆ ನಕ್ಷೆಯ ಉಲ್ಲೇಖದ ಕಾರಣಕ್ಕೆ.